ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಒಬ್ಬರಿಗೆ ಬಳಸಿದ ಉಪಕರಣ ಇನ್ನೊಬ್ಬರ ಮೈಗೆ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಳುಕಿನ ಸುತ್ತ ಇವೆ: ನನ್ನ ಮೈಗೆ ತಾಗುವ ಈ ಸೂಜಿ, ಈ ಇಕ್ಕಳ, ಈ ನಳಿಕೆ ಇದಕ್ಕೂ ಮುಂಚೆ ಯಾರ ಮೈಯಲ್ಲಿತ್ತು? ಆಸ್ಪತ್ರೆಗಳ ಸೋಂಕು ನಿಯಂತ್ರಣ ಮತ್ತು ಉಪಕರಣ ಶುದ್ಧೀಕರಣದ ಕೆಲಸ ಬಲ್ಲವರು ಉತ್ತರಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಆಪರೇಷನ್‌ಗೆ ಬಳಸಿದ ಕತ್ತರಿ, ಇಕ್ಕಳಗಳನ್ನೇ ತೊಳೆದು ಮತ್ತೊಬ್ಬರಿಗೆ ಬಳಸುತ್ತಾರೆ ಎಂದು ಈಚೆಗಷ್ಟೇ ತಿಳಿಯಿತು. ಇದು ತಪ್ಪಲ್ಲವೇ? ಎಲ್ಲವನ್ನೂ ಒಮ್ಮೆ ಬಳಸಿ ಎಸೆಯಬಾರದೇ?

ಉತ್ತರ: ತಪ್ಪಲ್ಲ. ಒಳ್ಳೆಯ ಸ್ಟೀಲಿನ ಇಕ್ಕಳವನ್ನು ಮಾಡುವುದೇ ನೂರಾರು ಸಲ ಬಳಸಲೆಂದು. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಇಬ್ಬರು ರೋಗಿಗಳ ನಡುವೆ ಆ ಇಕ್ಕಳಕ್ಕೆ ಏನೇನಾಯಿತು?

ಅಮೆರಿಕದ ಸೂಕ್ಷ್ಮಜೀವಿ ತಜ್ಞ ಅರ್ಲ್ ಸ್ಪಾಲ್ಡಿಂಗ್ ಕಳೆದ ಶತಮಾನದ ಮಧ್ಯದಲ್ಲಿ ಹಾಕಿಕೊಟ್ಟ ಲೆಕ್ಕಾಚಾರ ಇಂದಿಗೂ ಚಾಲ್ತಿಯಲ್ಲಿದೆ. ಚರ್ಮ ಸೀಳಿ ಒಳಗೆ ಹೋಗುವ, ರಕ್ತನಾಳ ಹೊಗುವ ಉಪಕರಣದಲ್ಲಿ ಒಂದೇ ಒಂದು ಜೀವಾಣುವೂ ಉಳಿಯಬಾರದು. ಅಂದರೆ ಪೂರ್ತಿ ಸ್ಟೆರಿಲೈಸ್ ಆಗಬೇಕು. ಬಾಯಿ, ಗಂಟಲು, ಕರುಳಿನ ಒಳಪೊರೆಗೆ ತಾಗುವ ಎಂಡೋಸ್ಕೋಪಿನಂಥವಕ್ಕೆ ಕನಿಷ್ಠ ಉನ್ನತ ಮಟ್ಟದ ಕ್ರಿಮಿನಾಶ ಬೇಕು. ಅದರಲ್ಲಿ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರಗಳು ಸಾಯುತ್ತವೆ, ಗಟ್ಟಿ ಕವಚದ ಸ್ಪೋರ್‌ಗಳು ಒಂದಿಷ್ಟು ಉಳಿಯಬಹುದು. ಗಾಯವಿಲ್ಲದ ಚರ್ಮಕ್ಕಷ್ಟೇ ತಾಗುವ ಬಿಪಿ ಪಟ್ಟಿಯಂಥದ್ದಕ್ಕೆ ಸಾಮಾನ್ಯ ಶುಚಿಯೇ ಸಾಕು. ಗೊಂದಲ ಹುಟ್ಟುವುದು ಮೊದಲ ಬಗೆಯ ಉಪಕರಣಕ್ಕೆ ಎರಡನೆಯ ಬಗೆಯ ಶುದ್ಧಿ ಕೊಟ್ಟು ಕೈತೊಳೆದುಕೊಂಡಾಗ.

ಇನ್ನು ನಿಜಕ್ಕೂ ಎಸೆಯಬೇಕಾದವುಗಳ ಗುರುತು ಅವುಗಳ ಪೊಟ್ಟಣದ ಮೇಲೇ ಇರುತ್ತದೆ. ವೃತ್ತದೊಳಗೆ 2 ಎಂಬ ಅಂಕಿ, ಅದರ ಮೇಲೆ ಅಡ್ಡಗೆರೆ. ಎರಡನೇ ಸಲ ಬೇಡ ಎಂದೇ ಅದರ ಅರ್ಥ. ಸಿರಿಂಜ್, ಸೂಜಿ, ರಕ್ತನಾಳದ ಕ್ಯಾನುಲಾ, ಮೂತ್ರದ ಕ್ಯಾಥೆಟರ್ ಎಲ್ಲದರ ಮೇಲೂ ಹುಡುಕಿ ನೋಡಿ. ಇಂಥವನ್ನು ಮರುಶುದ್ಧಿ ಮಾಡಲು ಹೋದರೆ ಕಿರಿದಾದ ಕೊಳವೆಯೊಳಗೆ ಬ್ರಷ್ ತೂರದು, ಪ್ಲಾಸ್ಟಿಕ್ ಹಬೆಗೆ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಆ ಬಿರುಕೇ ಮುಂದಿನ ರೋಗಿಯ ಪಾಲಿಗೆ ಕ್ರಿಮಿಗಳ ಗೂಡು.

ಪ್ರಶ್ನೆ: ಚಿಕ್ಕ ಕ್ಲಿನಿಕ್ಕುಗಳಲ್ಲಿ ಉಪಕರಣಗಳನ್ನು ಕುದಿಯುವ ನೀರಿನಲ್ಲಿ ಹಾಕಿಟ್ಟಿರುತ್ತಾರೆ. 20 ನಿಮಿಷ ಕುದಿಸಿದರೆ ಸಾಲದೇ?

ಉತ್ತರ: ಸಾಲದು. 100 ಡಿಗ್ರಿಯಲ್ಲಿ ಹೆಚ್ಚಿನ ವೈರಸ್, ಬ್ಯಾಕ್ಟೀರಿಯಾ ಸಾಯುತ್ತವೆ ನಿಜ. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಜಾತಿಯ ಸ್ಪೋರ್‌ಗಳು ಆ ಬಿಸಿಗೆ ಜಗ್ಗುವುದಿಲ್ಲ. ಇನ್ನೊಂದು ತೊಡಕು, ಕುದಿಯುವ ಪಾತ್ರೆಗೆ ನಡುವೆ ಇನ್ನೊಂದು ಇಕ್ಕಳ ಹಾಕಿದೊಡನೆ ಸಮಯದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಬೇಕು. ಯಾರೂ ಹಾಗೆ ಲೆಕ್ಕ ಇಡುವುದಿಲ್ಲ. ಹೊರತೆಗೆದ ಉಪಕರಣ ಒದ್ದೆಯಾಗಿ, ಹೊದಿಕೆಯಿಲ್ಲದೆ ಗಾಳಿಗೆ ತೆರೆದುಕೊಂಡಿರುತ್ತದೆ ಎಂಬುದೂ ಇದೆ.

ಪ್ರಶ್ನೆ: ಸೂಜಿ ಹೊಸದು ಹಾಕಿದರೆ ಸಿರಿಂಜ್ ಹಳೆಯದಿದ್ದರೂ ನಡೆಯುತ್ತದೆ, ಔಷಧ ಒಳಗೆ ಹೋಗುತ್ತದೆಯೇ ಹೊರತು ರಕ್ತ ಹೊರಗೆ ಬರುವುದಿಲ್ಲ ಎಂದು ಒಬ್ಬ ಕಾಂಪೌಂಡರ್ ವಾದಿಸಿದರು. ಸರಿಯೇ?

ಉತ್ತರ: ಖಂಡಿತ ತಪ್ಪು, ಮತ್ತು ಈ ವಾದದಿಂದ ಆಗಿರುವ ಹಾನಿ ಸಣ್ಣದಲ್ಲ. ಚುಚ್ಚಿ ಮುಗಿದು ಸೂಜಿ ಹೊರಬರುವಾಗ, ಹೆಬ್ಬೆರಳು ಸಡಿಲಿಸಿದಾಗ, ಕೊಂತದ ರಬ್ಬರು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತದೆ. ಅಷ್ಟೇ ಸಾಕು, ಸೂಜಿಯ ತುದಿಯಲ್ಲಿದ್ದ ರಕ್ತದಂಶ ಸಿರಿಂಜಿನ ಮೂತಿಯೊಳಗೆ ಬರಲು. ಬಳಸಿದ ಸೂಜಿಯನ್ನು ಎಳೆದು ತೆಗೆಯುವಾಗಲೂ ಅದೇ ಹೀರುವಿಕೆ ಆಗುತ್ತದೆ. ಬರಿಗಣ್ಣಿಗೆ ಕೆಂಪು ಕಾಣುವುದಿಲ್ಲ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಹರಡಲು ಕಾಣುವಷ್ಟು ರಕ್ತ ಬೇಕಾಗಿಯೂ ಇಲ್ಲ. ಈ ವೈರಸ್ ಒಣಗಿದ ಮೇಲ್ಮೈಯಲ್ಲೂ ಕನಿಷ್ಠ 7 ದಿನ ಸೋಂಕುಶಕ್ತಿ ಉಳಿಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಹೆಪಟೈಟಿಸ್ ಸಿ ವೈರಸ್ ಸಿರಿಂಜಿನ ಒಳಗೆ 63 ದಿನಗಳವರೆಗೆ ಬದುಕಿದ್ದು ಕಂಡುಬಂದಿದೆ.

ಈಜಿಪ್ಟ್ ಇದಕ್ಕೆ ದೊಡ್ಡ ಪಾಠ. ಬಿಲ್ಹಾರ್ಜಿಯಾ ಎಂಬ ಹುಳುರೋಗ ತೊಲಗಿಸಲು 1950ರ ದಶಕದಿಂದ 1980ರ ದಶಕದವರೆಗೆ ಅಲ್ಲಿ ಸಾಮೂಹಿಕವಾಗಿ ಚುಚ್ಚುಮದ್ದು ಕೊಟ್ಟರು. ಗಾಜಿನ ಸಿರಿಂಜುಗಳು, ಸಾಲದಷ್ಟು ಶುದ್ಧಿ. ಹುಳುರೋಗ ಕಡಿಮೆಯಾಯಿತು. ಆದರೆ ಹೆಪಟೈಟಿಸ್ ಸಿ ಜಗತ್ತಿನಲ್ಲೇ ಅತಿ ಹೆಚ್ಚು ಹರಡಿದ ದೇಶಗಳ ಸಾಲಿಗೆ ಈಜಿಪ್ಟ್ ಸೇರಿತು.

ಸಿರಿಂಜಿಗಿಂತ ಕಳ್ಳತನದ ದಾರಿ ಔಷಧದ ಶೀಶೆಯದು. ರೋಗಿಗೆ ಒಮ್ಮೆ ಚುಚ್ಚಿದ ಸಿರಿಂಜಿಗೆ ಹೊಸ ಸೂಜಿ ಸಿಕ್ಕಿಸಿ, ಅದೇ ರೋಗಿಗೆ ಇನ್ನಷ್ಟು ಔಷಧ ಬೇಕೆಂದು ಶೀಶೆಗೆ ಚುಚ್ಚುತ್ತಾರೆ. ಆ ರೋಗಿಗೆ ಇದರಿಂದ ತೊಂದರೆಯಿಲ್ಲ, ರಕ್ತ ಅವರದೇ. ಈಗ ಶೀಶೆಯಲ್ಲಿ ಅವರ ವೈರಸ್ ಇದೆ. ಮುಂದಿನವರಿಗೆ ಹೊಚ್ಚಹೊಸ ಸಿರಿಂಜ್, ಹೊಸ ಸೂಜಿ ಬಳಸಿದರೂ ಎಳೆಯುವುದು ಅದೇ ಶೀಶೆಯಿಂದ. 2008ರಲ್ಲಿ ಅಮೆರಿಕದ ನೆವಾಡಾದಲ್ಲಿ ಬೆಳಕಿಗೆ ಬಂದ ಹೆಪಟೈಟಿಸ್ ಸಿ ಪ್ರಕರಣದ ಮೂಲ ಇದೇ. ಅರಿವಳಿಕೆ ಔಷಧದ ಶೀಶೆಗಳನ್ನು ಹೀಗೆ ಹಂಚಿಕೊಂಡಿದ್ದರು, ಹತ್ತಾರು ಸಾವಿರ ಜನರನ್ನು ಕರೆದು ಪರೀಕ್ಷಿಸಿಕೊಳ್ಳಿ ಎಂದು ಹೇಳಬೇಕಾಯಿತು. ಒಂದೇ ಡೋಸಿನ ಶೀಶೆ ಒಬ್ಬರಿಗೇ. ಹಲವು ಡೋಸಿನದಾದರೆ ಪ್ರತಿ ಸಲವೂ ಹೊಸ ಸೂಜಿ ಮತ್ತು ಹೊಸ ಸಿರಿಂಜ್ ಎರಡೂ ಬೇಕು. ತೆರೆದ ದಿನಾಂಕ ಬರೆದಿರಬೇಕು, ತಯಾರಕರು ಬೇರೆ ಅವಧಿ ಹೇಳದಿದ್ದರೆ 28 ದಿನಕ್ಕೆ ಎಸೆಯಬೇಕು. ರಬ್ಬರು ಮುಚ್ಚಳದಲ್ಲಿ ಒಂದು ಸೂಜಿಯನ್ನು ಚುಚ್ಚಿಟ್ಟೇ ಬಿಟ್ಟ ಶೀಶೆ ಕಂಡರೆ, ಆ ಮೇಜಿನಿಂದ ಚುಚ್ಚುಮದ್ದು ಹಾಕಿಸಿಕೊಳ್ಳಬೇಡಿ.

ಇನ್ಸುಲಿನ್ ಪೆನ್ನಿಗೂ ಇದೇ ಮಾತು. ಸೂಜಿ ಬದಲಿಸಿದರೂ ಪೆನ್ನನ್ನು ಇಬ್ಬರು ಬಳಸುವಂತಿಲ್ಲ, ಗಂಡ ಹೆಂಡತಿಯಾದರೂ ಸರಿ. ಚುಚ್ಚಿದ ಕ್ಷಣದಲ್ಲಿ ರಕ್ತಕಣಗಳು ಹಿಂದಕ್ಕೆ ಕಾರ್ಟ್ರಿಜ್ ಸೇರಬಹುದು. ಬೆರಳು ಚುಚ್ಚಿ ಸಕ್ಕರೆ ನೋಡುವ ಪೆನ್ನೂ ಹಾಗೆಯೇ; ಅದರ ಮೂತಿಯ ಟೊಪ್ಪಿಗೆಯ ಒಳಗಂಚಿನಲ್ಲಿ ರಕ್ತ ಒಣಗಿ ಕುಳಿತಿರುತ್ತದೆ. ನಿಮ್ಮದನ್ನೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಗಾಯ ಚೆನ್ನಾಗಿ ಮಾಗಿತ್ತು. ಒಂದು ತಿಂಗಳಾದ ಮೇಲೆ ಹೊಕ್ಕುಳ ಹತ್ತಿರದ ತೂತಿನಲ್ಲಿ ಗಂಟಾಗಿ ನೀರಿನಂಥ ಕೀವು ಸೋರುತ್ತಿದೆ. ಎರಡು ಬಗೆಯ ಆಂಟಿಬಯೋಟಿಕ್ ಮುಗಿದವು, ಜಗ್ಗಲಿಲ್ಲ. ಜ್ವರವಿಲ್ಲ. ಇದು ಉಪಕರಣದಿಂದ ಬಂದಿರಬಹುದೇ?

ಉತ್ತರ: ಬಂದಿರಬಹುದು. ನೀವು ಬರೆದಿರುವ ಕಾಲದ ಅಂತರವೇ ಮುಖ್ಯ ಸುಳಿವು. ಮಾಮೂಲಿ ಕೀವು ತರುವ ಬ್ಯಾಕ್ಟೀರಿಯಾ ಮೊದಲ ಒಂದೆರಡು ವಾರದಲ್ಲೇ ಕೆಂಪು, ಬಿಸಿ, ನೋವು, ಜ್ವರದೊಂದಿಗೆ ತೋರಿಸಿಕೊಳ್ಳುತ್ತವೆ. ಮಾಗಿದ ತೂತು ಮೂರು ನಾಲ್ಕು ವಾರದ ನಂತರ ಗಂಟು ಕಟ್ಟಿ ಸೋರತೊಡಗಿದರೆ, ಜ್ವರವಿಲ್ಲದಿದ್ದರೆ, ಸಾಮಾನ್ಯ ಔಷಧಕ್ಕೆ ಬಗ್ಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ಷಯದ ದೂರದ ನೆಂಟರನ್ನು: ಮೈಕೊಬ್ಯಾಕ್ಟೀರಿಯಂ ಅಬ್ಸೆಸಸ್, ಚೆಲೊನೆ, ಫಾರ್ಚುಯಿಟಮ್. ಇವು ಮಣ್ಣಿನಲ್ಲಿ, ನಲ್ಲಿಯ ನೀರಿನಲ್ಲಿ ಬದುಕುವಂಥವು. ಮೈಮೇಲೆ ಮೇಣದಂಥ ಹೊದಿಕೆ ಇರುವುದರಿಂದ ರಾಸಾಯನಿಕಗಳಿಗೆ ಬೇಗ ಸೋಲುವುದಿಲ್ಲ.

ಲ್ಯಾಪರೊಸ್ಕೋಪಿಗೂ ಇವಕ್ಕೂ ಗಂಟು ಬಿದ್ದದ್ದು ಹೇಗೆಂದು ಹೇಳುತ್ತೇವೆ. ಉದ್ದನೆಯ ತೆಳು ಇಕ್ಕಳವೊಂದನ್ನು ಊಹಿಸಿಕೊಳ್ಳಿ. ಹೊರಗೆ ವಿದ್ಯುತ್ ತಡೆಯುವ ಕಪ್ಪು ಪ್ಲಾಸ್ಟಿಕ್ ಕವಚ, ಅದರೊಳಗೆ ಲೋಹದ ಕೊಳವೆ, ಕೊಳವೆಯೊಳಗೆ ದವಡೆಯನ್ನು ತೆರೆದು ಮುಚ್ಚುವ ಸರಳು. ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿರುತ್ತಾರೆ. ಆ ಒತ್ತಡಕ್ಕೆ ರಕ್ತ, ಅಂಗಾಂಶದ ಚೂರು ಈ ಪದರಗಳ ನಡುವೆ ಹೊಕ್ಕು ಒಣಗುತ್ತದೆ. ಒಂದು ದಿನ ನಾಲ್ಕು ಆಪರೇಷನ್ ಇದ್ದು ಸೆಟ್ ಒಂದೇ ಇದ್ದರೆ ಪೂರ್ತಿ ಬಿಚ್ಚಿ ತೊಳೆಯಲು ಪುರಸೊತ್ತಿಲ್ಲ. ಹೊರಗಿನಿಂದ ಒರೆಸಿ, ಕ್ರಿಮಿನಾಶಕವಾದ 2 ಶೇಕಡಾ ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಮುಳುಗಿಸಿ, ಆ ಘಾಟು ಹೋಗಲೆಂದು ಕುದಿಸಿ ಆರಿಸಿದ ನೀರಿನಲ್ಲೋ ನಲ್ಲಿ ನೀರಿನಲ್ಲೋ ಜಾಲಿಸಿ ಮುಂದಿನವರಿಗೆ ಬಳಸುತ್ತಾರೆ. ಇಲ್ಲಿ ಮೂರು ಕಡೆ ಎಡವಿದಂತಾಯಿತು. ಒಳಗಿನ ಕೊಳೆಗೆ ದ್ರಾವಣ ತಲುಪಲೇ ಇಲ್ಲ; ತಲುಪಿದ ಕಡೆ ರಕ್ತದ ಪ್ರೊಟೀನನ್ನು ಹೆಪ್ಪುಗಟ್ಟಿಸಿ ಇನ್ನಷ್ಟು ಗಟ್ಟಿಯಾಗಿ ಅಂಟಿಸಿತು. 20 ನಿಮಿಷದಲ್ಲಿ ಆಗುವುದು ಕ್ರಿಮಿನಾಶವೇ ಹೊರತು ಸ್ಟೆರಿಲೈಸ್ ಅಲ್ಲ, ಅದಕ್ಕೆ ಅದೇ ದ್ರಾವಣದಲ್ಲಿ 10 ಗಂಟೆ ಬೇಕು. ಕೊನೆಗೆ ಜಾಲಿಸಿದ ನೀರೇ ಮೈಕೊಬ್ಯಾಕ್ಟೀರಿಯಾವನ್ನು ಕೈಯಾರೆ ತಂದು ಹಚ್ಚಿತು. ಬ್ರೆಜಿಲ್‌ನಲ್ಲಿ 2000ದ ದಶಕದ ಮಧ್ಯಭಾಗದಿಂದ ಹಲವು ರಾಜ್ಯಗಳಿಗೆ ಹಬ್ಬಿ ಸಾವಿರಕ್ಕೂ ಹೆಚ್ಚು ಜನರನ್ನು ಬಾಧಿಸಿದ ತಳಿಯಂತೂ 2 ಶೇಕಡಾ ಗ್ಲುಟರಾಲ್ಡಿಹೈಡನ್ನೇ ಸಹಿಸಿಕೊಳ್ಳುತ್ತಿತ್ತು.

ನೀವೀಗ ಮಾಡಬೇಕಾದದ್ದು: ಮೂರನೇ ಆಂಟಿಬಯೋಟಿಕ್ ಶುರುಮಾಡುವ ಮುಂಚೆ ಮಾದರಿ ಕಳಿಸಲು ಹೇಳಿ. ಹತ್ತಿಯ ಕಡ್ಡಿಯಲ್ಲಿ ಒರೆಸಿದ್ದಕ್ಕಿಂತ ಸೂಜಿಯಲ್ಲಿ ಎಳೆದ ಕೀವು ಅಥವಾ ಗಂಟಿನ ಅಂಗಾಂಶದ ತುಣುಕು ಉತ್ತಮ. ಚೀಟಿಯಲ್ಲಿ ಬರೀ ಕಲ್ಚರ್ ಎಂದು ಬರೆದರೆ ಪ್ರಯೋಗಾಲಯ ಎರಡು ದಿನ ನೋಡಿ ಏನೂ ಬೆಳೆದಿಲ್ಲ ಎನ್ನುತ್ತದೆ. ಆಸಿಡ್-ಫಾಸ್ಟ್ ಬಣ್ಣ ಪರೀಕ್ಷೆ ಮತ್ತು ಮೈಕೊಬ್ಯಾಕ್ಟೀರಿಯಾ ಕಲ್ಚರ್ ಎಂದು ಸ್ಪಷ್ಟವಾಗಿ ಬರೆಸಬೇಕು. ಈ ಗುಂಪಿನವು ಕ್ಷಯಾಣುವಿಗಿಂತ ಬೇಗ, ಹೆಚ್ಚಾಗಿ ವಾರದೊಳಗೆ ಬೆಳೆಯುತ್ತವೆ. ಯಾವ ತಳಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ವರದಿ ಕೈಗೆ ಬರಲಿ. ಆಸಿಡ್-ಫಾಸ್ಟ್ ಎಂದ ಕೂಡಲೇ ಕ್ಷಯದ ಮಾತ್ರೆ ಶುರುಮಾಡುವುದು ಬಹಳ ಕಡೆ ಆಗುವ ತಪ್ಪು. ಕ್ಷಯದ ಮೊದಲ ಸಾಲಿನ ಔಷಧಗಳಿಗೆ ಇವು ಹೆಚ್ಚಾಗಿ ಸೊಪ್ಪು ಹಾಕುವುದಿಲ್ಲ. ಕ್ಲಾರಿಥ್ರೊಮೈಸಿನ್, ಅಮಿಕಾಸಿನ್‌ನಂಥ ಔಷಧಗಳನ್ನು ಜೋಡಿಸಿ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ, ಎಷ್ಟೋ ಸಲ ಸೋರುವ ದಾರಿಯನ್ನು ಕತ್ತರಿಸಿಯೂ ತೆಗೆಯಬೇಕಾಗುತ್ತದೆ. ವರದಿಯ ಪ್ರತಿಯನ್ನು ಆಪರೇಷನ್ ಮಾಡಿದ ಆಸ್ಪತ್ರೆಗೆ ಕೊಡಿ. ಜಗಳಕ್ಕಲ್ಲ, ಅದೇ ವಾರ ಅದೇ ಸೆಟ್ಟಿನಲ್ಲಿ ಆಪರೇಷನ್ ಆದವರು ಇನ್ನೂ ಇದ್ದಾರು.

ಪ್ರಶ್ನೆ: ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಯಂತ್ರ) ಟೇಪಿನ ಗೆರೆ ಕಪ್ಪಾದರೆ ಸ್ಟೆರೈಲ್ ಎಂದು ಲೆಕ್ಕವೇ? ಕೆಲವೊಮ್ಮೆ ಪ್ಯಾಕ್ ಒದ್ದೆಯಾಗಿ ಹೊರಬರುತ್ತದೆ, ಒಣಗಿಸಿ ಬಳಸಬಹುದೇ?

ಉತ್ತರ: ಟೇಪ್ ಹೇಳುವುದು ಇಷ್ಟೇ: ಈ ಪ್ಯಾಕ್ ಬಿಸಿ ಕಂಡಿದೆ. ಎಷ್ಟು ಹೊತ್ತು, ಒಳಗಿನವರೆಗೆ ಹಬೆ ಹೋಯಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ಆಟೋಕ್ಲೇವಿಗೆ ಹೋದ ಪ್ಯಾಕನ್ನೂ ಹೋಗದ ಪ್ಯಾಕನ್ನೂ ಬೇರೆ ಮಾಡಲು ಟೇಪ್ ಒಳ್ಳೆಯದು, ಅದಕ್ಕಿಂತ ಹೆಚ್ಚಿನ ನಂಬಿಕೆ ಬೇಡ. ಪ್ಯಾಕಿನ ಒಳಗೆ, ಹಬೆ ತಲುಪಲು ಕಷ್ಟವಾದ ನಡುಭಾಗದಲ್ಲಿ ಸಮಯ, ಬಿಸಿ, ಹಬೆ ಮೂರನ್ನೂ ಅಳೆಯುವ ಇಂಟಿಗ್ರೇಟರ್ ಪಟ್ಟಿ ಇಡಿ. ವಾರಕ್ಕೊಮ್ಮೆಯಾದರೂ, ಮೈಯೊಳಗೆ ಉಳಿಯುವ ಇಂಪ್ಲಾಂಟ್ ಇದ್ದ ಪ್ರತಿ ಲೋಡಿಗೂ, ಬಿಸಿಗೆ ಸುಲಭಕ್ಕೆ ಸಾಯದ ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಸ್ಪೋರ್‌ಗಳ ಶೀಶೆ ಇಟ್ಟು ನಡೆಸಿ. ಜೊತೆಗೆ ಆಟೋಕ್ಲೇವಿಗೆ ಹಾಕದ ಒಂದು ಶೀಶೆಯನ್ನೂ ಕಾವುಗೂಡಿನಲ್ಲಿಡಿ. ಹಾಕದ್ದು ಬೆಳೆಯಬೇಕು, ಹಾಕಿದ್ದು ಬೆಳೆಯಬಾರದು. ಎರಡೂ ಬೆಳೆಯದಿದ್ದರೆ ಖುಷಿಪಡಬೇಡಿ, ಶೀಶೆಗಳೇ ಸತ್ತಿವೆ.

ಲೆಕ್ಕ ನಿಮಗೆ ಗೊತ್ತಿರುತ್ತದೆ: ಹೊದಿಕೆ ಸುತ್ತಿದ ಉಪಕರಣಕ್ಕೆ 121 ಡಿಗ್ರಿ, 15 ಪೌಂಡ್ ಒತ್ತಡ, 30 ನಿಮಿಷ, ನಿರ್ವಾತ ಮಾಡುವ ಯಂತ್ರವಾದರೆ 134ರ ಆಸುಪಾಸಿನಲ್ಲಿ 3ರಿಂದ 4 ನಿಮಿಷ. ಈ ಗಡಿಯಾರ ಶುರುವಾಗುವುದು ಆ ಬಿಸಿ ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಲ್ಲ. ಮೋಸ ಮಾಡುವುದು ಗಾಳಿ. ಒಳಗಿನ ಗಾಳಿ ಪೂರ್ತಿ ಹೊರಹೋಗದೆ ಅರ್ಧ ಉಳಿದರೆ ಒತ್ತಡದ ಮುಳ್ಳು 15 ಪೌಂಡನ್ನೇ ತೋರಿಸುತ್ತಿರುತ್ತದೆ, ಬಿಸಿ ಮಾತ್ರ 112 ಡಿಗ್ರಿಯ ಹತ್ತಿರ ನಿಂತಿರುತ್ತದೆ. ಆದ್ದರಿಂದ ಒತ್ತಡದ ಮುಳ್ಳನ್ನಷ್ಟೇ ನೋಡಿ ಬರೆದ ರಿಜಿಸ್ಟರ್ ಅರ್ಧ ಸತ್ಯ. ನಿರ್ವಾತ ಯಂತ್ರಕ್ಕೆ ಪ್ರತಿ ಬೆಳಿಗ್ಗೆ ಖಾಲಿ ಕೋಣೆಯಲ್ಲಿ ಬೋವಿ-ಡಿಕ್ ಪರೀಕ್ಷೆ ಮಾಡಿ; ಹಾಳೆಯ ನಡುವೆ ಬಣ್ಣ ತಿರುಗದ ಮಚ್ಚೆ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿತ್ತೆಂದು ಅರ್ಥ, ಯಂತ್ರ ಆ ದಿನಕ್ಕೆ ಬಂದ್. ಪ್ಯಾಕುಗಳನ್ನು ಒತ್ತಿ ತುರುಕಬೇಡಿ, ಅಂಗೈ ತೂರುವಷ್ಟು ಸಂದು ಬಿಡಿ, ಬಟ್ಟಲುಗಳನ್ನು ಮಗುಚಿಯೋ ಓರೆಯಾಗಿಯೋ ಇಡಿ. ಅಂಗಾತ ಇಟ್ಟ ಬಟ್ಟಲಿನಲ್ಲಿ ಗಾಳಿಯೂ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ.

ಒದ್ದೆ ಪ್ಯಾಕ್ ಸ್ಟೆರೈಲ್ ಅಲ್ಲ. ಒಣಗಿಸುವ ಮಾತೇ ಇಲ್ಲ, ಬಿಚ್ಚಿ ಹೊಸ ಹೊದಿಕೆಯಲ್ಲಿ ಮತ್ತೆ ನಡೆಸಬೇಕು. ಒದ್ದೆ ಬಟ್ಟೆ ಬತ್ತಿಯ ಹಾಗೆ, ನಿಮ್ಮ ಕೈಯ, ಕಪಾಟಿನ ಕ್ರಿಮಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಚ್ಚಾಗಿ ಕಾರಣ ಮಿತಿಮೀರಿದ ಲೋಡ್, ಒಣಗುವ ಹಂತ ಮುಗಿಯುವ ಮುಂಚೆಯೇ ಬಾಗಿಲು ತೆರೆಯುವುದು, ಬಿಸಿ ಪ್ಯಾಕನ್ನು ತಣ್ಣನೆಯ ಲೋಹದ ಮೇಜಿನ ಮೇಲಿಡುವುದು.

ನೀವು ಕೇಳದೆ ಇದ್ದರೂ ಹೇಳಬೇಕಾದ್ದು ತೊಳೆಯುವ ಕಟ್ಟೆಯದು, ಏಕೆಂದರೆ ಹತ್ತರಲ್ಲಿ ಎಂಟು ತಪ್ಪು ಅಲ್ಲೇ ಆಗಿರುತ್ತವೆ ಎಂಬುದು ನಮ್ಮ ಅನಿಸಿಕೆ. ಕೊಳೆ ಉಳಿದ ಉಪಕರಣವನ್ನು ಎಷ್ಟು ಬೇಯಿಸಿದರೂ ಸ್ಟೆರೈಲ್ ಎನ್ನುವಂತಿಲ್ಲ. ಆಪರೇಷನ್ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಬೇಡಿ. ಸಲೈನಿನಲ್ಲಿ ನೆನೆಸಬೇಡಿ, ಉಪ್ಪು ಸ್ಟೀಲನ್ನು ಕೊರೆದು ಗುಳಿ ಮಾಡುತ್ತದೆ. ಮೊದಲ ಜಾಲಿಕೆ ತಣ್ಣೀರಿನಲ್ಲಿ. ಬಿಸಿನೀರು ರಕ್ತವನ್ನು ಬೇಯಿಸಿ ಅಂಟಿಸುತ್ತದೆ. ನಂತರ ಲೇಬಲ್ ಹೇಳಿದ ಅಳತೆಗೆ, ಹೇಳಿದಷ್ಟು ಬೆಚ್ಚಗೆ ಕಲಸಿದ ಎಂಜೈಮ್ ದ್ರಾವಣದಲ್ಲಿ, ಕತ್ತರಿ ಇಕ್ಕಳಗಳ ಬಾಯಿ ಪೂರ್ತಿ ತೆರೆದು ನೆನೆಸಿ. ಬ್ರಷ್‌ ಉಜ್ಜುವುದು ನೀರಿನ ಮಟ್ಟದ ಕೆಳಗೇ ಆಗಲಿ, ಇಲ್ಲವಾದರೆ ತುಂತುರು ನಿಮ್ಮ ಕಣ್ಣಿಗೆ. ಕೊಳವೆಗಳಿಗೆ ಅದರ ಒಳಅಳತೆಗೆ ಸರಿಯಾದ ಬ್ರಷ್, ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರಬೇಕು. ಹಾಕಿಕೊಳ್ಳುವುದು ದಪ್ಪ ರಬ್ಬರಿನ ಉದ್ದ ಗ್ಲೌಸ್, ಆಪರೇಷನ್‌ನ ತೆಳು ಗ್ಲೌಸ್ ಅಲ್ಲ. ಜಾಲಿಸಿ, ಒಣಗಿಸಿ, ಭೂತಗನ್ನಡಿಯಡಿ ಕೀಲು ಮತ್ತು ಹಲ್ಲುಗಳ ಸಂದು ನೋಡಿ. ಕಣ್ಣಿನ ಆಪರೇಷನ್ ಉಪಕರಣಗಳಾದರೆ ಜಾಲಿಸುವುದೇ ಅರ್ಧ ಕೆಲಸ. ಸಪೂರ ಕೊಳವೆಯಲ್ಲಿ ಡಿಟರ್ಜೆಂಟ್ ಉಳಿದರೆ ಕ್ರಿಮಿಯೇ ಇಲ್ಲದೆಯೂ ಒಂದೆರಡು ದಿನದಲ್ಲಿ ಕಣ್ಣಿನ ಮುಂಭಾಗ ಉರಿಯೂತಕ್ಕೊಳಗಾಗಿ ದೃಷ್ಟಿ ಮಂಜಾಗುತ್ತದೆ.

ಪ್ರಶ್ನೆ: ಆಟೋಕ್ಲೇವಿಗೂ ಬಗ್ಗದ ಸೋಂಕು ಇದೆಯೇ?

ಉತ್ತರ: ಇದೆ, ಅತಿ ವಿರಳ. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮೆದುಳಿನ ಕಾಯಿಲೆಯ ಕಾರಣ ಪ್ರಿಯಾನ್ ಎಂಬ ತಿರುಚಿದ ಪ್ರೊಟೀನ್. ಅದಕ್ಕೆ ಜೀವವೇ ಇಲ್ಲ, ಕೊಲ್ಲುವುದೇನನ್ನು? ಜ್ಯೂರಿಕ್‌ನಲ್ಲಿ ಅಂಥ ರೋಗಿಯ ಮೆದುಳಿನಲ್ಲಿಟ್ಟಿದ್ದ ಎಲೆಕ್ಟ್ರೋಡುಗಳನ್ನು ಆಲ್ಕೋಹಾಲ್ ಮತ್ತು ಫಾರ್ಮಾಲ್ಡಿಹೈಡ್ ಆವಿಯಿಂದ ಶುದ್ಧಮಾಡಿ ಇಬ್ಬರು ಎಳೆಯರಿಗೆ ಬಳಸಿದರು, ಇಬ್ಬರಿಗೂ ರೋಗ ಬಂತು; 1977ರಲ್ಲಿ ಇದು ವರದಿಯಾಯಿತು. ಎರಡು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಅದೇ ಎಲೆಕ್ಟ್ರೋಡನ್ನು ಚಿಂಪಾಂಜಿಯ ಮೆದುಳಿಗಿಟ್ಟಾಗ ಅದಕ್ಕೂ ರೋಗ ತಗುಲಿತು. ಈಗ ಅನುಮಾನವಿದ್ದರೆ ಉಪಕರಣ ಸುಟ್ಟುಹಾಕುವುದೇ ಮೊದಲ ಆಯ್ಕೆ. ಇಲ್ಲವಾದರೆ ಕಾಸ್ಟಿಕ್ ಸೋಡಾ ದ್ರಾವಣ ಮತ್ತು 134 ಡಿಗ್ರಿಯಲ್ಲಿ 18 ನಿಮಿಷ.

ಪ್ರಶ್ನೆ: ಹಲ್ಲಿನ ಡಾಕ್ಟರ ಬಳಿ ನೀಲಿ ಬೆಳಕಿನ ಪೆಟ್ಟಿಗೆಯಿಂದ ಉಪಕರಣ ತೆಗೆಯುತ್ತಾರೆ. ಅದು ಸ್ಟೆರಿಲೈಸರ್ ತಾನೆ?

ಉತ್ತರ: ಅಲ್ಲ, ಅದು ಕಪಾಟು. ಅತಿನೇರಳೆ ಬೆಳಕು ಬಿದ್ದ ಮುಖಕ್ಕಷ್ಟೇ ಕೆಲಸ ಮಾಡುತ್ತದೆ, ನೆರಳಿನಲ್ಲಿರುವ ಬದಿಗೆ, ಕೀಲಿನ ಸಂದಿಗೆ ಇಲ್ಲ. ಬೇರೆಡೆ ಆಟೋಕ್ಲೇವ್ ಆದದ್ದನ್ನು ಇಡಲು ಬಳಸಿದರೆ ತಕರಾರಿಲ್ಲ.

ನೀವು ಗಮನಿಸಬೇಕಾದ್ದು ಗುಯ್ಯೆನ್ನುವ ಕೊರೆಯುವ ಹ್ಯಾಂಡ್‌ಪೀಸನ್ನು. ಅದು ನಿಲ್ಲುವ ಕ್ಷಣದಲ್ಲಿ ಒಳಗಿನ ಒತ್ತಡ ಇಳಿದು ಬಾಯಿಯ ಎಂಜಲು, ರಕ್ತ ಒಳಕ್ಕೆ ಹೀರಲ್ಪಡುತ್ತದೆ. ಹೊರಗೆ ಸ್ಪಿರಿಟ್ ಸವರಿದರೆ ಒಳಗಿನ ಚಕ್ರಕ್ಕೆ ಏನೂ ಆಗಿರುವುದಿಲ್ಲ. ಸರಿಯಾದ ಕ್ರಮ: ರೋಗಿ ಎದ್ದ ಮೇಲೆ ನೀರು ಗಾಳಿ ಹಾಯಿಸಿ 20ರಿಂದ 30 ಸೆಕೆಂಡು ತಿರುಗಿಸುವುದು, ಬಿಚ್ಚುವುದು, ತೊಳೆಯುವುದು, ಎಣ್ಣೆ ಬಿಡುವುದು, ಚೀಲದಲ್ಲಿ ಹಾಕಿ ಆಟೋಕ್ಲೇವ್ ಮಾಡುವುದು. ಹಾಗಾಗಿ ಒಂದೇ ಹ್ಯಾಂಡ್‌ಪೀಸ್ ಇಟ್ಟುಕೊಂಡು ಸಾಲಾಗಿ ರೋಗಿಗಳನ್ನು ನೋಡುತ್ತಿದ್ದಾರೆಂದರೆ ನಡುವೆ ಶುದ್ಧಿ ಆಗುತ್ತಿಲ್ಲ, ಸಮಯದ ಲೆಕ್ಕ ಹೊಂದುವುದೇ ಇಲ್ಲ. ಮುಚ್ಚಿದ ಚೀಲವನ್ನು ನಿಮ್ಮ ಕಣ್ಣೆದುರೇ ಹರಿಯಲು ಕೇಳಬಹುದು. ಇದರಲ್ಲಿ ಯಾರಿಗೂ ಅವಮಾನವಿಲ್ಲ, ಒಳ್ಳೆಯವರು ಕೇಳದೆಯೇ ಹಾಗೆ ಮಾಡುತ್ತಾರೆ.

ಪ್ರಶ್ನೆ: ತಂದೆಗೆ ವಾರಕ್ಕೆ ಮೂರು ಡಯಾಲಿಸಿಸ್. ರಕ್ತ ಸೋಸುವ ಡಯಲೈಜರನ್ನು ತೊಳೆದು ಮತ್ತೆ ಬಳಸುತ್ತಾರೆ. ನಾವೇನು ನೋಡಬೇಕು?

ಉತ್ತರ: ಡಯಲೈಜರ್ ಮರುಬಳಕೆಗೆ ಮೊದಲ ಕಡ್ಡಾಯ ಷರತ್ತು ಒಂದುಂಟು, ಅದೇ ರೋಗಿಗೆ ಮಾತ್ರ. ಆದ್ದರಿಂದ ಹೆಸರಿನ ಚೀಟಿ ಓದುವುದು ನಿಮ್ಮ ಕೆಲಸವೂ ಹೌದು. ಹೆಸರು, ನೋಂದಣಿ ಸಂಖ್ಯೆ, ಎಷ್ಟನೇ ಬಳಕೆ, ಯಾವಾಗ ಶುದ್ಧಿ ಆಯಿತು ಎಲ್ಲವೂ ಅಳಿಸದ ಶಾಯಿಯಲ್ಲಿರಬೇಕು. ಒಂದೇ ಬಗೆಯ ಹೆಸರಿನ ಇಬ್ಬರಿದ್ದರೆ ಎರಡು ಸಲ ಓದಿ. ಒಳಗಿನ ಎಳೆಗಳಲ್ಲಿ ಎಷ್ಟು ದ್ರವ ಹಿಡಿಯುತ್ತದೆ ಎಂದು ಪ್ರತಿ ಸಲ ಅಳೆಯಬೇಕು. ಮೊದಲಿದ್ದದ್ದರ 80 ಶೇಕಡಾಕ್ಕಿಂತ ಇಳಿದರೆ ಎಸೆಯಬೇಕು. ತುಂಬಿಟ್ಟ ಪೆರಾಸೆಟಿಕ್ ಆಸಿಡ್ ಪೂರ್ತಿ ಹೋಗಿದೆಯೇ ಎಂದು ಪಟ್ಟಿ ಅದ್ದಿ ನೋಡಿದ ಮೇಲೇ ರಕ್ತದ ದಾರಿ ಜೋಡಿಸಬೇಕು. ಹೆಪಟೈಟಿಸ್ ಬಿ ಇರುವವರ ಡಯಲೈಜರನ್ನು ಮರುಬಳಸಬಾರದು, ಅವರಿಗೆ ಯಂತ್ರವೂ ಪ್ರತ್ಯೇಕ.

ಯಂತ್ರಕ್ಕೆ ಒತ್ತಡ ತಿಳಿಸುವ ಸಣ್ಣ ಕೊಳವೆಯ ತುದಿಯಲ್ಲಿ ಬಿಳಿಯ ಬಿಲ್ಲೆಯೊಂದು ಇರುತ್ತದೆ. ಅದು ರಕ್ತದಿಂದ ಒದ್ದೆಯಾದರೆ ಕೂಡಲೇ ಬದಲಿಸಬೇಕು, ಒಳಭಾಗಕ್ಕೆ ರಕ್ತ ಹೋಗಿದೆಯೇ ಎಂದೂ ನೋಡಬೇಕು, ಇಲ್ಲವಾದರೆ ಮುಂದಿನ ಪಾಳಿಯವರಿಗೆ ಅಪಾಯ. ಆರಂಭದಲ್ಲಿ ಜ್ವರವಿಲ್ಲದವರಿಗೆ ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೆ ಗಡಗಡ ನಡುಕ ಬಂದರೆ ಕಂಬಳಿ ಹೊದಿಸಿ ಸುಮ್ಮನಿರಬೇಡಿ. ನೀರಿನಲ್ಲೋ ಡಯಲೈಜರಿನಲ್ಲೋ ಬ್ಯಾಕ್ಟೀರಿಯಾ ಅಥವಾ ಅದರ ವಿಷಾಂಶ ಇದ್ದಿರಬಹುದು. ಡಯಾಲಿಸಿಸ್ ನಿಲ್ಲಿಸಿ ರಕ್ತದ ಕಲ್ಚರ್ ತೆಗೆಯಲು ಕೇಳಿ. ತಂದೆಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ಡಯಾಲಿಸಿಸ್ ರೋಗಿಗಳಿಗೆ ಡೋಸ್ ಹೆಚ್ಚು, ಕೊನೆಯ ಡೋಸಾಗಿ ಒಂದೆರಡು ತಿಂಗಳಿಗೆ ಪ್ರತಿಕಾಯದ ಮಟ್ಟ 10 ದಾಟಿದೆಯೇ ಎಂದು ನೋಡಬೇಕು, ಆಮೇಲೂ ವರ್ಷಕ್ಕೊಮ್ಮೆ.

ಪ್ರಶ್ನೆ: ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕಿದೆ. ಅಷ್ಟುದ್ದದ ನಳಿಕೆಯನ್ನು ತೊಳೆಯುವುದಾದರೂ ಹೇಗೆ?

ಉತ್ತರ: ಕಷ್ಟಪಟ್ಟು. ಹಬೆಯ ಬಿಸಿ ಅದಕ್ಕೆ ಆಗದು. ಹೊರತೆಗೆದ ತಕ್ಷಣ ಒರೆಸಿ, ಒಳದಾರಿಗಳಿಗೆ ದ್ರಾವಣ ಹೀರಿಸಿ, ಗಂಟೆಯೊಳಗೆ ತೊಳೆಯುವ ಕೋಣೆಗೆ ಒಯ್ಯಬೇಕು. ಅಲ್ಲಿ ಸೋರಿಕೆ ಪರೀಕ್ಷೆ, ಪ್ರತಿ ದಾರಿಗೂ ಬ್ರಷ್, ಆಮೇಲೆ ರಾಸಾಯನಿಕದಲ್ಲಿ ಮುಳುಗು: ಆರ್ಥೋ-ಥಾಲಾಲ್ಡಿಹೈಡ್ 0.55 ಶೇಕಡಾ ಆದರೆ 20 ಡಿಗ್ರಿಯಲ್ಲಿ 12 ನಿಮಿಷ. ದ್ರಾವಣ ದಿನ ಕಳೆದಂತೆ ಸಪ್ಪೆಯಾಗುತ್ತದೆ, ಪಟ್ಟಿ ಅದ್ದಿ ನೋಡದಿದ್ದರೆ ಮುಳುಗಿಸಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಕೊನೆಗೆ ಜಾಲಿಸಿ, ಒಳಗೆಲ್ಲ ಗಾಳಿ ಊದಿ ಒಣಗಿಸಿ, ನೆಟ್ಟಗೆ ತೂಗುಹಾಕಬೇಕು. ಒದ್ದೆ ನಳಿಕೆಯನ್ನು ಸುತ್ತಿ ಪೆಟ್ಟಿಗೆಗೆ ಹಾಕಿದರೆ ರಾತ್ರಿ ಬೆಳಗಾಗುವುದರೊಳಗೆ ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್‌ಗೆ ಸಮೃದ್ಧಿ.

ಪಿತ್ತನಾಳಕ್ಕೆ ಹೋಗುವ ಡುವೊಡಿನೊಸ್ಕೋಪ್ ಮಾತ್ರ ಬೇರೆಯೇ ತಲೆನೋವು. ಅದರ ತುದಿಯಲ್ಲಿ ತಂತಿಯನ್ನು ಎತ್ತುವ ಪುಟ್ಟ ಸನ್ನೆ ಇದೆ, ಅದರ ಹಿಂದಿನ ಸಂದಿಗೆ ಬ್ರಷ್ ಸರಿಯಾಗಿ ಹೋಗದು. ತಯಾರಕರ ಸೂಚನೆ ಪಾಲಿಸಿದ ಆಸ್ಪತ್ರೆಗಳಲ್ಲೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದರಿಂದ ಹರಡಿ, 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಎಸೆಯಬಹುದಾದ ತುದಿಯಿರುವ ಮಾದರಿಗಳು ಬಂದದ್ದು ಆ ನಂತರ. ಮಾಮೂಲಿ ಹೊಟ್ಟೆಯ ಎಂಡೋಸ್ಕೋಪಿಗೆ ನೀವು ಇಷ್ಟು ಹೆದರಬೇಕಿಲ್ಲ.

ಪ್ರಶ್ನೆ: ನನಗೆ ಚುಚ್ಚಿದ್ದು ಬಳಸಿದ ಸಿರಿಂಜ್ ಎಂದು ಎರಡು ದಿನದ ಹಿಂದೆ ಗೊತ್ತಾಯಿತು. ರಕ್ತ ಪರೀಕ್ಷೆ ನೆಗೆಟಿವ್ ಬಂದಿದೆ. ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಇಲ್ಲ, ಇವತ್ತೇ ವೈದ್ಯರನ್ನು ಕಾಣಿ. ಈಗಿನ ನೆಗೆಟಿವ್ ಹೇಳುವುದು ಚುಚ್ಚುವ ಮುಂಚೆ ನಿಮಗೆ ಸೋಂಕು ಇರಲಿಲ್ಲ ಎಂಬುದನ್ನಷ್ಟೇ. ಎಚ್‌ಐವಿ ತಡೆಯುವ ಔಷಧ ಬೇಕೆಂದು ವೈದ್ಯರು ನಿರ್ಧರಿಸಿದರೆ ಅದನ್ನು ಚುಚ್ಚಿದ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಗಡಿಯಾರ ಓಡುತ್ತಿದೆ. ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಮೊದಲ ಡೋಸ್, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು. ಇದು 24 ಗಂಟೆಯೊಳಗೆ ಉತ್ತಮ, ಚುಚ್ಚಿದ್ದಕ್ಕೆ 7 ದಿನದವರೆಗೂ ಕೊಡುತ್ತಾರೆ. ಹೆಪಟೈಟಿಸ್ ಸಿಗೆ ಮುಂಗಡ ತಡೆ ಇಲ್ಲ. 3ರಿಂದ 6 ವಾರದ ನಡುವೆ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ, 4ರಿಂದ 6 ತಿಂಗಳಿಗೆ ಪ್ರತಿಕಾಯ ಪರೀಕ್ಷೆ. ಬಂದರೂ 8ರಿಂದ 12 ವಾರದ ಮಾತ್ರೆಯಲ್ಲಿ ಬಹುತೇಕ ಎಲ್ಲರಿಗೂ ಗುಣವಾಗುತ್ತದೆ. ಎಚ್‌ಐವಿ ಪರೀಕ್ಷೆಯನ್ನು 6 ವಾರಕ್ಕೆ, 3 ತಿಂಗಳಿಗೆ ಮತ್ತೆ ಮಾಡಿಸಿ. ಅಲ್ಲಿಯವರೆಗೆ ರಕ್ತದಾನ ಬೇಡ, ಕಾಂಡೋಮ್ ಇರಲಿ.

ಆತಂಕಕ್ಕೂ ಒಂದು ಅಳತೆ ಇರಲಿ. ಸೋಂಕಿತರ ರಕ್ತವಿರುವ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 300ಕ್ಕೆ 1, ಹೆಪಟೈಟಿಸ್ ಸಿ 100ಕ್ಕೆ 2ಕ್ಕಿಂತ ಕಡಿಮೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಮಾತ್ರ 100ಕ್ಕೆ 6ರಿಂದ 30. ಮೂರರಲ್ಲಿ ಜನ ಅತಿ ಕಡಿಮೆ ಹೆದರುವುದು ಈ ಕೊನೆಯದಕ್ಕೆ!

ಪ್ರಶ್ನೆ: ಮನೆಯ ನೆಬ್ಯುಲೈಸರನ್ನು ಇಬ್ಬರು ಮಕ್ಕಳಿಗೆ ಬಳಸಬಹುದೇ?

ಉತ್ತರ: ಯಂತ್ರ ಒಂದೇ ಇರಲಿ, ಮಾಸ್ಕ್ ಮತ್ತು ಔಷಧದ ಬಟ್ಟಲು ಬೇರೆ ಬೇರೆ. ಪ್ರತಿ ಸಲ ಬಿಚ್ಚಿ ಸೋಪುನೀರಿನಲ್ಲಿ ತೊಳೆಯಿರಿ. ದಿನಕ್ಕೊಮ್ಮೆ, ಬಟ್ಟಲಿನ ತಯಾರಕರು ಒಪ್ಪಿದ್ದರೆ 5 ನಿಮಿಷ ಕುದಿಸಿ, ಇಲ್ಲವೇ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ 30 ನಿಮಿಷ ಮುಳುಗಿಸಿ ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ. ಇದಕ್ಕೆ ನೀರು 5 ನಿಮಿಷವಾದರೂ ಕುದಿದಿರಬೇಕು. ಒದರಿ, ಶುಭ್ರ ಬಟ್ಟೆಯ ಮೇಲೆ ಪೂರ್ತಿ ಒಣಗಲು ಬಿಡಿ. ಯಂತ್ರದಿಂದ ಬರುವ ಪೈಪನ್ನು ತೊಳೆಯಬೇಡಿ, ಒಳಗೆ ನಿಂತ ನೀರು ಒಣಗುವುದಿಲ್ಲ. ಹನಿ ಕಂಡರೆ ಔಷಧವಿಲ್ಲದೆ ಯಂತ್ರವನ್ನು ಒಂದೆರಡು ನಿಮಿಷ ಓಡಿಸಿ.

ಪ್ರಶ್ನೆ: ಡಾಕ್ಟರ ಸ್ಟೆತಸ್ಕೋಪ್‌ನಿಂದಲೂ ರೋಗ ಬರುತ್ತದೆಯೇ?

ಉತ್ತರ: ತೆರೆದ ಗಾಯ, ಸುಟ್ಟ ಚರ್ಮ ಇದ್ದರೆ ಬರಬಹುದು. 70 ಶೇಕಡಾ ಆಲ್ಕೋಹಾಲಿನಲ್ಲಿ ಬಿಲ್ಲೆಯನ್ನು ಒರೆಸಿ ಒಣಗಲು ಬಿಟ್ಟರೆ ಸಾಕು, ಅರ್ಧ ನಿಮಿಷದ ಕೆಲಸ. ಬಿಪಿ ಪಟ್ಟಿಯ ಬಟ್ಟೆಯನ್ನು ಕೊನೆಯ ಸಲ ಯಾವಾಗ ಒಗೆದದ್ದು ಎಂದು ಮಾತ್ರ ಕೇಳಬೇಡಿ, ಉತ್ತರ ಅವರಿಗೂ ಗೊತ್ತಿರುವುದಿಲ್ಲ.